ಹಳೆ ಸ್ವಿಫ್ಟ್, ರಾತ್ರಿ ಕೂಗುವ ಸೈರನ್, ಮಿಣುಕುವ ಕೀ ದೀಪ: ಎಲ್ಲಾ ಕಿತ್ತು ಹಾಕಬೇಕಾ?

ಪ್ರಶ್ನೆ: ನನ್ನದು 2009ರ ಪೆಟ್ರೋಲ್ ಸ್ವಿಫ್ಟ್. ನಾನು ಮೂರನೇ ಓನರ್, ಇರುವುದು ಶಿವಮೊಗ್ಗದಲ್ಲಿ. ಹಿಂದಿನವರು ಯಾರೋ ಹೊರಗಡೆ ರಿಮೋಟ್ ಲಾಕ್, ಸೈರನ್ ಹಾಕಿಸಿದ್ದಾರೆ. ಮಳೆ ಶುರುವಾದ ಮೇಲೆ ರಾತ್ರಿ ಅದು ತಾನಾಗಿಯೇ ಕೂಗುತ್ತೆ, ಅಕ್ಕಪಕ್ಕದವರ ಹತ್ರ ಬೈಸಿಕೊಂಡು ಸಾಕಾಗಿದೆ. ಕೆಲವು ಬೆಳಗ್ಗೆ ಸೆಲ್ಫ್ ತಿರುಗುತ್ತೆ, ಗಾಡಿ ಸ್ಟಾರ್ಟ್ ಆಗಲ್ಲ. ಇನ್ನು ಕೆಲವು ಸಲ ಸ್ಟಾರ್ಟ್ ಆಗಿ ಒಂದೆರಡು ಸೆಕೆಂಡಿಗೆ ಆರಿಹೋಗುತ್ತೆ, ಮೀಟರ್‌ನಲ್ಲಿ ಕೀ ಗುರುತಿನ ದೀಪ ಮಿಣುಕುತ್ತೆ. ಮೊನ್ನೆ ಸಾಗರ ರಸ್ತೆಯಲ್ಲಿ ಓಡ್ತಾ ಇರುವಾಗಲೇ ಎಂಜಿನ್ ಆಫ್ ಆಯ್ತು, ಆಗ ಆ ದೀಪ ಮಿಣುಕಲಿಲ್ಲ. ಈಚೆಗೆ ಕೀ ಕವರ್ ಒಡೆದಿದ್ದಕ್ಕೆ ಫ್ಲಿಪ್ ಕೀ ಕವರ್ ಹಾಕಿಸಿದ್ದೆ. ನಮ್ಮ ಎಲೆಕ್ಟ್ರಿಷಿಯನ್ ‘ಎರಡನ್ನೂ ಬೈಪಾಸ್ ಮಾಡಿಬಿಡೋಣ, ಎಂಜಿನ್ ನಡೆಸುವ ಕಂಪ್ಯೂಟರ್ ಇದೆಯಲ್ಲ, ಇಸಿಎಂ, ಅದರಿಂದಲೂ ಇಮ್ಮೊಬಿಲೈಸರ್ ತೆಗೆಸಿಬಿಡೋಣ’ ಅಂತಾರೆ. ಒಪ್ಪಿಕೊಳ್ಳಲಾ?

ಉತ್ತರ: ಒಪ್ಪಿಕೊಳ್ಳಬೇಡಿ. ಅರ್ಧಕ್ಕೆ ಮಾತ್ರ ಹೂಂ ಅನ್ನಿ. ಹೊರಗಡೆ ಹಾಕಿಸಿದ ಅಲಾರಂ ಇದೆಯಲ್ಲ, ಅದನ್ನು ಬುಡಸಮೇತ ತೆಗೆಸಿ. ಕಂಪನಿಯಿಂದಲೇ ಬಂದ, ಸರಿಯಾದ ಕೀ ಇಲ್ಲದೆ ಗಾಡಿ ಸ್ಟಾರ್ಟ್ ಆಗದ ಹಾಗೆ ತಡೆಯುವ ಇಮ್ಮೊಬಿಲೈಸರ್ ಅನ್ನು ರಿಪೇರಿ ಮಾಡಿಸಿ ಉಳಿಸಿಕೊಳ್ಳಿ. ಇವೆರಡೂ ಬೇರೆ ಬೇರೆ ವ್ಯವಸ್ಥೆಗಳು. ಒಂದಕ್ಕೊಂದು ಸಂಬಂಧವೇ ಇಲ್ಲ. ನಿಮ್ಮ ಗಾಡಿಯಲ್ಲಿ ಎರಡೂ ಒಟ್ಟಿಗೆ ಕೈಕೊಡುತ್ತಿರುವುದರಿಂದ ಎಲ್ಲಾ ಒಂದೇ ರೋಗದ ಹಾಗೆ ಕಾಣುತ್ತಿದೆ, ಅಷ್ಟೇ.

ಮೊದಲು ಸಾಗರ ರಸ್ತೆಯ ವಿಷಯ, ಯಾಕೆಂದರೆ ನನಗೆ ನಿಜವಾಗಿ ಭಯವಾಗಿದ್ದು ಅದನ್ನು ಓದಿ. ಓಡುವ ಕಾರಿನಲ್ಲಿ ಎಂಜಿನ್ ನಿಂತರೆ ಸ್ಟೇರಿಂಗ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಬ್ರೇಕ್ ಬೂಸ್ಟರ್‌ನಲ್ಲಿ ಉಳಿದ ವ್ಯಾಕ್ಯೂಮ್ ಒಂದೆರಡು ಸಲ ತುಳಿಯುವಷ್ಟಕ್ಕೆ ಮಾತ್ರ ಸಾಲುತ್ತದೆ, ಆಮೇಲೆ ಪೆಡಲ್ ಮೇಲೆ ನಿಂತಷ್ಟು ಬಲ ಹಾಕಬೇಕು. ಮತ್ತೆ ಹಾಗಾದರೆ ಗಾಬರಿಯಲ್ಲಿ ಕೀ ಹಿಂದಕ್ಕೆ ತಿರುಗಿಸಿ ಹೊರಗೆ ಎಳೆಯಬೇಡಿ, ಸ್ಟೇರಿಂಗ್ ಲಾಕ್ ಬೀಳುತ್ತದೆ. ಕೀ ಆನ್‌ನಲ್ಲೇ ಇರಲಿ, ಬ್ರೇಕನ್ನು ಪಂಪ್ ಮಾಡದೆ ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಹಜಾರ್ಡ್ ಲೈಟ್ ಹಾಕಿ ಎಡಕ್ಕೆ ಬನ್ನಿ. ಈ ಕೆಲಸ ಮುಗಿಯುವ ತನಕ ದಯವಿಟ್ಟು ಘಾಟಿ, ಹೈವೇ ಕಡೆ ಈ ಗಾಡಿ ತೆಗೆದುಕೊಂಡು ಹೋಗಬೇಡಿ.

ಈಗ ಎರಡನ್ನೂ ಬೇರೆ ಮಾಡಿ ನೋಡೋಣ. ಕಂಪನಿಯ ಇಮ್ಮೊಬಿಲೈಸರ್, ಮಾರುತಿಯವರು ಐಕ್ಯಾಟ್ಸ್ ಅನ್ನುತ್ತಾರಲ್ಲ, ಅದಕ್ಕೆ ಸೈರನ್ ಇಲ್ಲ, ರಿಮೋಟ್ ಬೇಕಿಲ್ಲ. ಕೀಯ ಪ್ಲಾಸ್ಟಿಕ್ ತಲೆಯೊಳಗೆ ಒಂದು ಚಿಪ್ ಇರುತ್ತದೆ. ಅದಕ್ಕೆ ಸೆಲ್ ಇಲ್ಲ. ಇಗ್ನಿಷನ್ ಲಾಕ್ ಸುತ್ತ ಒಂದು ಬಳೆಯಂಥ ಕಾಯಿಲ್ ಇದೆ, ಕೀ ಆನ್ ಮಾಡಿದ ಕೂಡಲೇ ಅದೇ ಚಿಪ್‌ಗೆ ಬೇಕಾದಷ್ಟು ಕರೆಂಟ್ ಗಾಳಿಯಲ್ಲೇ ಕೊಟ್ಟು ಅದರ ಕೋಡ್ ಓದುತ್ತದೆ. ಕೋಡ್ ಸರಿ ಇದ್ದರೆ ಇಸಿಎಂ ಪೆಟ್ರೋಲ್ ಬಿಡುತ್ತದೆ. ಇಲ್ಲವೆಂದರೆ ಸೆಲ್ಫ್ ಎಷ್ಟು ಹೊಡೆದರೂ ಗಾಡಿ ಸ್ಟಾರ್ಟ್ ಆಗುವುದಿಲ್ಲ, ಅಥವಾ ಒಂದು ಕ್ಷಣ ಹತ್ತಿಕೊಂಡು ಆರುತ್ತದೆ. ಆಗ ಮೀಟರ್‌ನ ಆ ಪುಟ್ಟ ದೀಪ ಮಿಣುಕುತ್ತದೆ. ಅಂದರೆ ನಿಮ್ಮ ಬೆಳಗಿನ ತೊಂದರೆ ಪಕ್ಕಾ ಈ ಕಡೆಯದು.

ಆದರೆ ಈ ಪರೀಕ್ಷೆ ನಡೆಯುವುದು ಸ್ಟಾರ್ಟ್ ಮಾಡುವಾಗ. ಒಮ್ಮೆ ಒಪ್ಪಿಕೊಂಡು ಎಂಜಿನ್ ನಡೆಯತೊಡಗಿದ ಮೇಲೆ, ಎಪ್ಪತ್ತರ ವೇಗದಲ್ಲಿ ಹೋಗುವಾಗ ಅದು ನಡುವೆ ಬಂದು ಎಂಜಿನ್ ಆರಿಸುವುದಿಲ್ಲ. ಜೊತೆಗೆ ಅವತ್ತು ದೀಪವೂ ಮಿಣುಕಲಿಲ್ಲ ಅಂತ ನೀವೇ ಬರೆದಿದ್ದೀರಿ. ಹಾಗಾಗಿ ರಸ್ತೆಯಲ್ಲಿ ಆಫ್ ಆಗಿದ್ದಕ್ಕೆ ನನ್ನ ಮೊದಲ ಅನುಮಾನ ಹೊರಗಡೆ ಹಾಕಿಸಿದ ಅಲಾರಂನ ಕಟ್-ಆಫ್ ರಿಲೇ ಮೇಲೆ, ಅಂದರೆ ಎಂಜಿನ್ ನಿಲ್ಲಿಸಲು ಹಾಕುವ ಸ್ವಿಚ್ ಮೇಲೆ. ಅಲಾರಂ ತೆಗೆಸಿದ ಮೇಲೂ ಹಾಗೇ ಆದರೆ ಫ್ಯೂಯಲ್ ಪಂಪ್, ಎಂಜಿನ್ ತಿರುಗುವುದನ್ನು ಗಮನಿಸುವ ಕ್ರ್ಯಾಂಕ್ ಸೆನ್ಸರ್ ಕಡೆ ನೋಡಬೇಕಾಗುತ್ತದೆ.

ಕೀ ವಿಷಯಕ್ಕೆ ಬರೋಣ, ಇದು ನೀವೇ ಮನೆಯಲ್ಲಿ ನೋಡಬಹುದಾದ ಕೆಲಸ. ಎರಡನೇ ಕೀ ಇದೆಯಾ? ಇದ್ದರೆ ನಾಳೆಯಿಂದ ಒಂದು ವಾರ ಬರೀ ಅದನ್ನೇ ಬಳಸಿ. ಗೊಂಚಲಿನಿಂದ ಬಿಚ್ಚಿ, ಒಂಟಿಯಾಗಿ ಬಳಸಿ. ಗೊಂಚಲಿನಲ್ಲಿ ಬೇರೆ ಕಾರಿನ ಚಿಪ್ ಕೀ ಇದ್ದರೆ, ಅಥವಾ ದೊಡ್ಡ ಕಬ್ಬಿಣದ ಉಂಗುರ ಕೀ ತಲೆಗೆ ಅಂಟಿಕೊಂಡೇ ಇದ್ದರೆ, ಕಾಯಿಲ್‌ಗೆ ಕೋಡ್ ಸರಿಯಾಗಿ ಸಿಗುವುದಿಲ್ಲ. ದೀಪ ಮಿಣುಕಿದರೆ ಕೀ ಪೂರ್ತಿ ಹಿಂದಕ್ಕೆ ಲಾಕ್ ಸ್ಥಾನಕ್ಕೆ ತಂದು, ಸ್ವಲ್ಪ ಬಿಟ್ಟು ಮತ್ತೆ ಆನ್ ಮಾಡಿ. ಸೆಲ್ಫ್ ಹೊಡೆಯುವ ಮುಂಚೆ ದೀಪ ಆರಿತಾ ಅಂತ ನೋಡಿಕೊಳ್ಳಿ. ಎರಡನೇ ಕೀಯಲ್ಲಿ ತೊಂದರೆಯೇ ಬರಲಿಲ್ಲ ಅಂದರೆ ಕಾರು ಸರಿ ಇದೆ, ಹಾಳಾಗಿರುವುದು ಮೊದಲ ಕೀ.

ನಿಮ್ಮ ಆ ಹೊಸ ಫ್ಲಿಪ್ ಕವರ್ ಮೇಲೆ ನನಗೆ ಬಲವಾದ ಅನುಮಾನ. ಆನ್‌ಲೈನ್‌ನಲ್ಲಿ ಸಿಗುವ ಕವರ್‌ಗಳು ಬರೀ ಖಾಲಿ ಡಬ್ಬಿ. ಹಳೆ ಕೀ ತಲೆಯಿಂದ ಚಿಪ್ ತೆಗೆದು ಇದಕ್ಕೆ ಕೂರಿಸಬೇಕು. ಅದು ಎಷ್ಟು ಚಿಕ್ಕದು ಅಂದರೆ ಎಷ್ಟೋ ಜನ ಅದನ್ನು ಪ್ಲಾಸ್ಟಿಕ್ ಚೂರು ಅಂದುಕೊಂಡು ಹಳೆ ಕವರ್ ಜೊತೆ ಕಸಕ್ಕೆ ಎಸೆದುಬಿಡುತ್ತಾರೆ. ಸುಮಾರು ಒಂದು ಸೆಂಟಿಮೀಟರ್ ಉದ್ದ, ಕಪ್ಪು ಬಣ್ಣ, ಒಂದು ಕಡೆ ಸ್ವಲ್ಪ ಚೂಪಾಗಿರುವ ಬಿಲ್ಲೆ. ವೈರ್ ಇಲ್ಲ, ಪಿನ್ ಇಲ್ಲ. ಕೆಲವು ಕೀಗಳಲ್ಲಿ ಗಾಜಿನ ಸಣ್ಣ ಕೊಳವೆ ಥರ ಇರುತ್ತದೆ. ನಿಮ್ಮ ಗಾಡಿ ಒಮ್ಮೊಮ್ಮೆಯಾದರೂ ಸ್ಟಾರ್ಟ್ ಆಗುತ್ತಿದೆ, ಅಂದರೆ ಚಿಪ್ ಕಳೆದಿಲ್ಲ. ಆದರೆ ಅದು ಒಳಗೆ ಸಡಿಲವಾಗಿ ಓಡಾಡುತ್ತಿರಬಹುದು, ಅಥವಾ ಕಾಯಿಲ್‌ನಿಂದ ದೂರದ ತುದಿಯಲ್ಲಿ ಕೂತಿರಬಹುದು. ಫ್ಲಿಪ್ ಕವರ್ ಹಳೆಯದಕ್ಕಿಂತ ದಪ್ಪ, ಉದ್ದ ಜಾಸ್ತಿ. ಕೆಲವೇ ಮಿಲಿಮೀಟರ್ ದೂರವಾದರೂ ವ್ಯತ್ಯಾಸ ಬೀಳುತ್ತದೆ. ಕೀಯನ್ನು ಕಿವಿ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಟಿಕ್ ಟಿಕ್ ಸದ್ದು ಬಂದರೆ ಕವರ್ ಬಿಚ್ಚಿ ನೋಡಿ. ಚಿಪ್ ಸಿಕ್ಕಿದರೆ, ಕೀಯ ಲೋಹದ ಭಾಗ ಶುರುವಾಗುವ ಜಾಗಕ್ಕೆ ಆದಷ್ಟು ಹತ್ತಿರ, ಅಲ್ಲಾಡದ ಹಾಗೆ, ಒಂದು ಹನಿ ಸಿಲಿಕೋನ್ ಗಮ್ ಹಾಕಿ ಕೂರಿಸಿ. ಫೆವಿಕ್ವಿಕ್ ಬೇಡ, ಮುಂದೆ ಬಿಡಿಸಬೇಕಾದರೆ ಚಿಪ್ ಬಿರುಕು ಬಿಡುತ್ತದೆ. ಮನಸ್ಸಿಗೆ ಸಮಾಧಾನ ಇಲ್ಲ ಅಂದರೆ ಫ್ಲಿಪ್ ಕವರ್ ಬಿಟ್ಟು ಮೊದಲಿನ ಅಳತೆಯ ಮಾಮೂಲಿ ಕವರ್‌ಗೇ ವಾಪಸ್ ಹೋಗಿ.

ಎರಡೂ ಕೀಗಳಲ್ಲಿ ದೀಪ ಮಿಣುಕಿದರೆ ಮಾತ್ರ ಕಾರಿನ ಕಡೆ ನೋಡಬೇಕು. ಅಲ್ಲೂ ನೇರ ಇಸಿಎಂಗೆ ಕೈ ಹಾಕಬೇಡಿ. ಹಳೆ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಸ್ಟೇರಿಂಗ್ ಕೆಳಗಿನ ಪ್ಲಾಸ್ಟಿಕ್ ಬಿಚ್ಚಿದರೆ ಸಿಗುವ ಕಾಯಿಲ್‌ನ ಕಪ್ಲರ್, ಅಂದರೆ ವೈರ್ ಜೋಡಿಸುವ ಪ್ಲಗ್. ಹದಿನೈದು ವರ್ಷದ ಧೂಳು, ತೇವ, ಪಿನ್ ಮೇಲೆ ಹಸಿರು ಕಿಲುಬು. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಎರಡು ಮೂರು ಸಲ ಹಾಕಿ ತೆಗೆದರೆ ಎಷ್ಟೋ ಗಾಡಿ ಸರಿಹೋಗುತ್ತವೆ. ಅಲಾರಂ ಹಾಕಿದವರು ಇದೇ ಜಾಗದಲ್ಲಿ ಇಗ್ನಿಷನ್ ವೈರ್ ಸುಲಿದು ಜಾಯಿಂಟ್ ಹಾಕಿರುತ್ತಾರೆ, ಆಗ ಕಪ್ಲರ್ ಎಳೆದಾಡಿ ಸಡಿಲವಾಗಿರುವುದೂ ಉಂಟು. ಇಲಿ ಕಡಿದಿದೆಯಾ ಅಂತಲೂ ನೋಡಿಸಿ. ಮಲೆನಾಡಿನ ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ ಇಲಿಗಳಿಗೆ ಬಲು ಇಷ್ಟದ ಜಾಗ.

ಬ್ಯಾಟರಿ ಬಗ್ಗೆ ನೀವು ಏನೂ ಬರೆದಿಲ್ಲ, ಆದರೆ ಇದನ್ನು ಮರೆಯಬಾರದು. ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಮಲ್ಟಿಮೀಟರ್ ಇಟ್ಟರೆ 12.6 ವೋಲ್ಟ್ ಆಸುಪಾಸು ತೋರಿಸಬೇಕು. 12.2 ಅಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 10ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ. ಸ್ಟಾರ್ಟ್ ಆದ ಮೇಲೆ 13.8ರಿಂದ 14.5ರ ಒಳಗೆ ಇರಬೇಕು. ವೋಲ್ಟೇಜ್ ಕುಸಿದಾಗ ಇಮ್ಮೊಬಿಲೈಸರ್ ಕೋಡ್ ಓದಲು ತಡವರಿಸುತ್ತದೆ, ಅಲಾರಂ ಯೂನಿಟ್ ಯಾರೋ ಕೈ ಹಾಕಿದರು ಅಂತ ತಿಳಿದು ಕೂಗುತ್ತದೆ. ಸುಮ್ನೆ ಟರ್ಮಿನಲ್ ಬಿಚ್ಚಿ ಬಿಳಿ ಪುಡಿ ಉಜ್ಜಿ ತೆಗೆದು, ಬಾಡಿಗೆ ಹೋಗುವ ಅರ್ಥ್ ವೈರ್‌ನ ಬೋಲ್ಟ್ ಬಿಗಿ ಮಾಡಿಸುವುದೇ ಕೆಲವೊಮ್ಮೆ ಅರ್ಧ ರೋಗಕ್ಕೆ ಮದ್ದು.

ಇನ್ನು ಆ ಅಲಾರಂ. ಇಂಥವು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ನಿಮ್ಮೂರಿನ ಆಕ್ಸೆಸರೀಸ್ ಅಂಗಡಿವರೆಗೆ ಎಲ್ಲಾ ಕಡೆ ಹಾಕುತ್ತಾರೆ. ಡ್ಯಾಶ್‌ಬೋರ್ಡ್ ಕೆಳಗೆ ಒಂದು ಡಬ್ಬಿ, ಬಾನೆಟ್ ಒಳಗೆ ಸೈರನ್, ಎಲ್ಲೋ ಅಂಟಿಸಿದ, ಅದುರುವಿಕೆ ಹಿಡಿಯುವ ಶಾಕ್ ಸೆನ್ಸರ್, ಬಾಗಿಲ ಸ್ವಿಚ್‌ಗಳಿಗೆ ಒಂದು ವೈರ್, ಮತ್ತೆ ಎಂಜಿನ್ ನಿಲ್ಲಿಸುವ ರಿಲೇ. ಈ ರಿಲೇ ಹಾಕುವುದು ಇಗ್ನಿಷನ್ ವೈರ್ ಅಥವಾ ಫ್ಯೂಯಲ್ ಪಂಪ್ ವೈರ್ ಕತ್ತರಿಸಿ, ಎರಡು ತುದಿಗಳನ್ನೂ ರಿಲೇಗೆ ಜೋಡಿಸಿ. ಅಂದರೆ ನಿಮ್ಮ ಎಂಜಿನ್‌ನ ಜೀವ ಆ ಒಂದು ಸಣ್ಣ ರಿಲೇ ಮೂಲಕವೇ ಹಾದುಹೋಗುತ್ತದೆ. ಹೊಸದರಲ್ಲಿ ತೊಂದರೆ ಇಲ್ಲ. ವರ್ಷಗಟ್ಟಲೆ ಬಿಸಿಲು, ಅದುರುವಿಕೆ ತಿಂದ ಮೇಲೆ ಸುತ್ತಿದ ಕಪ್ಪು ಟೇಪ್‌ನ ಅಂಟು ಕರಗಿ ಜಾರುತ್ತದೆ, ತಿರುಚಿದ ತಾಮ್ರದ ಎಳೆಗಳು ಕಪ್ಪಾಗುತ್ತವೆ, ರಿಲೇ ಬಿಸಿಯಾಗಿ ಒಮ್ಮೆ ಹಿಡಿಯುತ್ತದೆ, ಒಮ್ಮೆ ಬಿಡುತ್ತದೆ. ದೊಡ್ಡ ಗುಂಡಿಯಲ್ಲಿ ಇಳಿದಾಗ ಒಂದು ಕ್ಷಣ ಬಿಟ್ಟರೂ ಸಾಕು, ಗಾಡಿ ಆಫ್. ಕಳ್ಳನನ್ನು ತಡೆಯಲು ಹಾಕಿದ್ದು ಮನೆಯವರನ್ನೇ ಅಪಾಯಕ್ಕೆ ತಳ್ಳುತ್ತಿದೆ. ಇದನ್ನು ಇನ್ನೊಂದು ದಿನವೂ ಇಟ್ಟುಕೊಳ್ಳಬೇಡಿ ಅನ್ನುವುದು ನನ್ನ ಖಚಿತ ಮಾತು.

ತೆಗೆಸುವುದರಲ್ಲೂ ಒಂದು ಕ್ರಮ ಇದೆ. ‘ಫ್ಯೂಸ್ ಕಿತ್ತರೆ ಆಯ್ತು ಸಾರ್’ ಅಂದರೆ ಒಪ್ಪಬೇಡಿ. ಫ್ಯೂಸ್ ಕಿತ್ತರೆ ಸೈರನ್ ಸುಮ್ಮನಾಗಬಹುದು, ಆದರೆ ರಿಲೇ ಮತ್ತು ಕತ್ತರಿಸಿದ ವೈರ್ ಅಲ್ಲೇ ಉಳಿಯುತ್ತವೆ. ರಿಲೇ ಯಾವ ಬಗೆಯದು ಅನ್ನುವುದರ ಮೇಲೆ ಗಾಡಿ ಸ್ಟಾರ್ಟ್ ಆಗದೆಯೂ ಹೋಗಬಹುದು. ಎಲೆಕ್ಟ್ರಿಷಿಯನ್‌ಗೆ ಹೀಗೆ ಹೇಳಿ: ಬ್ಯಾಟರಿ ನೆಗೆಟಿವ್ ಬಿಚ್ಚಿ ಕೆಲಸ ಶುರು ಮಾಡಿ, ರಿಲೇ ತೆಗೆದು ಕಂಪನಿ ವೈರ್‌ನ ಎರಡು ತುದಿಗಳನ್ನು ಸೇರಿಸಿ ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಬರೀ ತಿರುಚಿ ಟೇಪ್ ಸುತ್ತುವುದು ಬೇಡ. ಹೆಚ್ಚುವರಿ ವೈರ್ ಪ್ರತಿಯೊಂದೂ ಹೊರಗೆ ಬರಲಿ. ಸುಲಿದ ಜಾಗಗಳನ್ನೂ ಮುಚ್ಚಲಿ. ಒಂದು ಮಾತು, ಇದನ್ನು ನೆನಪಿಟ್ಟುಕೊಳ್ಳಿ: ಸ್ಟೇರಿಂಗ್ ಕೆಳಗಿನ ಹಳದಿ ವೈರ್, ಹಳದಿ ಕಪ್ಲರ್ ಸಾಮಾನ್ಯವಾಗಿ ಏರ್‌ಬ್ಯಾಗ್‌ದು. ನಿಮ್ಮ ಗಾಡಿಯಲ್ಲಿ ಏರ್‌ಬ್ಯಾಗ್ ಇದ್ದರೆ ಅದಕ್ಕೆ ಯಾರೂ ಟೆಸ್ಟ್ ಲ್ಯಾಂಪ್ ಇಡಬಾರದು. ತೆಗೆದ ಸಾಮಾನು ಎಲ್ಲಾ ನಿಮ್ಮ ಕೈಗೆ ಕೊಡಲಿ, ಆಗ ರಿಲೇ ನಿಜವಾಗಿ ಬಂತಾ ಅಂತ ಗೊತ್ತಾಗುತ್ತದೆ. ಸೆಂಟ್ರಲ್ ಲಾಕ್ ಬೇಕು ಅಂದರೆ ಲಾಕಿಂಗ್‌ಗೆ ಮಾತ್ರ ಇರುವ ಯೂನಿಟ್ ಸಿಗುತ್ತದೆ, ಸೈರನ್ನೂ ಇಲ್ಲ, ಎಂಜಿನ್ ಕಟ್ಟೂ ಇಲ್ಲ. ಅದನ್ನು ಹಾಕಿಸಿಕೊಳ್ಳಿ.

ಅಲ್ಲಿಯವರೆಗೆ ರಾತ್ರಿ ಏನು ಮಾಡುವುದು? ರಿಮೋಟ್‌ನಲ್ಲಿ ಲಾಕ್ ಮಾಡಬೇಡಿ, ಬಾಗಿಲನ್ನು ಕೀ ಹಾಕಿಯೇ ಲಾಕ್ ಮಾಡಿ. ಬಹುತೇಕ ಯೂನಿಟ್‌ಗಳು ರಿಮೋಟ್ ಒತ್ತದಿದ್ದರೆ ಕಾವಲಿಗೆ ಇಳಿಯುವುದಿಲ್ಲ. ಕೆಲವು ತಾವಾಗಿಯೇ ಕಾವಲಿಗೆ ಇಳಿಯುತ್ತವೆ. ಅಂಥದ್ದಾದರೆ ಡ್ಯಾಶ್‌ಬೋರ್ಡ್ ಕೆಳಗೆ ಕೈಯಾಡಿಸಿ, ಒಂದು ಪುಟ್ಟ ಒತ್ತು ಗುಂಡಿ ಸಿಗುತ್ತದೆ, ವ್ಯಾಲೆ ಸ್ವಿಚ್ ಅನ್ನುತ್ತಾರೆ. ಇಗ್ನಿಷನ್ ಆನ್ ಮಾಡಿ ಅದನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಅಲಾರಂ ಮಲಗುತ್ತದೆ. ಎಷ್ಟು ಹೊತ್ತು ಅನ್ನುವುದು ಒಂದೊಂದು ಕಂಪನಿಗೆ ಒಂದೊಂದು ಥರ. ರಾತ್ರಿ ಸಿಟ್ಟಿನಲ್ಲಿ ಬ್ಯಾಟರಿ ವೈರ್ ಕಿತ್ತರೆ ಕೆಲವು ಸೈರನ್ ಇನ್ನೂ ಜೋರಾಗಿ ಕೂಗುತ್ತವೆ, ಒಳಗೆ ಅವಕ್ಕೇ ಸ್ವಂತ ಬ್ಯಾಟರಿ ಇರುತ್ತದೆ. ಅಂಥ ಸೈರನ್ ಮೈಮೇಲೆ ಸಣ್ಣ ಕೀ ಹಾಕುವ ತೂತು ಇರುತ್ತದೆ, ಆ ಕೀ ಹಳೆ ಓನರ್ ಹತ್ತಿರ ಉಳಿದಿರಬಹುದು, ಒಮ್ಮೆ ಫೋನ್ ಮಾಡಿ ಕೇಳಿ. ಪಕ್ಕದವರ ಸಿಟ್ಟಿನಲ್ಲೂ ನ್ಯಾಯ ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಮನೆಗಳಿರುವ ಕಡೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಿತಿ 45 ಡೆಸಿಬಲ್.

ಮಳೆಗೂ ಕೂಗಿಗೂ ಏನು ಸಂಬಂಧ ಅಂತ ತಿಳಿದುಕೊಳ್ಳುವುದು ಒಳ್ಳೆಯದು, ಯಾಕೆಂದರೆ ಅಲಾರಂ ತೆಗೆದ ಮೇಲೂ ಆ ಮೂಲ ದೋಷ ಗಾಡಿಯಲ್ಲೇ ಇರುತ್ತದೆ. ಕತ್ತಲಾದ ಮೇಲೆ ಕಾರಿನೊಳಗೆ ಕೂತು ಎಲ್ಲಾ ಬಾಗಿಲು ಹಾಕಿ. ಒಳಗಿನ ದೀಪದ ಸ್ವಿಚ್ ಮಧ್ಯಕ್ಕೆ, ಅಂದರೆ ಬಾಗಿಲು ತೆಗೆದರೆ ಹತ್ತುವ ಸ್ಥಾನಕ್ಕೆ ಇಡಿ. ಈಗ ಒಂದೊಂದೇ ಬಾಗಿಲನ್ನು ಒಳಗಿನಿಂದ ಹೊರಕ್ಕೆ ತಳ್ಳಿ ಅಲ್ಲಾಡಿಸಿ. ಯಾವ ಬಾಗಿಲಿಗೆ ದೀಪ ಮಿಣಕ್ ಅಂತೋ ಆ ಬಾಗಿಲ ಸ್ವಿಚ್ ಹೋಗಿದೆ. ಡಿಕ್ಕಿಗೂ ಹೀಗೇ ಮಾಡಿ. ಮಳೆಯಲ್ಲಿ ಆ ಸ್ವಿಚ್‌ನ ರಬ್ಬರ್ ಬಿರುಕಿನಿಂದ ನೀರು ಇಳಿದು ಬಾಗಿಲು ತೆರೆದಿದೆ ಅನ್ನುವ ಸಂಕೇತ ಹೋಗುತ್ತದೆ. ಬಾನೆಟ್ ಸ್ವಿಚ್‌ದೂ ಅದೇ ಕತೆ. ಇನ್ನೊಂದು, ಮುಂದಿನ ಗಾಜಿನ ಕೆಳಗೆ ವೈಪರ್ ಇರುವ ಕಡೆ ಎಲೆ, ಹೂವು ತುಂಬಿಕೊಂಡು ನೀರು ಹೋಗುವ ತೂತು ಕಟ್ಟಿಕೊಳ್ಳುತ್ತದೆ. ಮರದ ಕೆಳಗೆ ನಿಲ್ಲಿಸುವವರಿಗೆ ಇದು ಖಂಡಿತ. ಆ ನೀರು ಡ್ಯಾಶ್‌ಬೋರ್ಡ್ ಒಳಗೆ ಇಳಿದು ಯೂನಿಟ್ ಮೇಲೆ ತೊಟ್ಟಿಕ್ಕುತ್ತದೆ. ಮುಂದಿನ ಎರಡೂ ಸೀಟಿನ ಕಾಲಡಿ ಮ್ಯಾಟ್ ಎತ್ತಿ ಕೆಳಗಿನ ಕಾರ್ಪೆಟ್ ಮುಟ್ಟಿ ನೋಡಿ. ಒದ್ದೆ ಇದ್ದರೆ ಅಲ್ಲಿಂದಲೇ ಶುರು ಮಾಡಬೇಕು. ಶಾಕ್ ಸೆನ್ಸರ್‌ನ ಡಬಲ್ ಟೇಪ್ ಬಿಟ್ಟು ನೇತಾಡುತ್ತಿದ್ದರೂ ಗುಡುಗಿಗೆ, ಹಾದುಹೋಗುವ ಲಾರಿಗೆ ಕೂಗುತ್ತದೆ, ಆದರೆ ಅದು ಹೇಗೂ ತೆಗೆಯುವ ಸಾಮಾನು, ತಲೆ ಕೆಡಿಸಿಕೊಳ್ಳಬೇಡಿ.

ಹಾಗಾದರೆ ಕಂಪನಿ ಇಮ್ಮೊಬಿಲೈಸರ್ ಯಾಕೆ ಉಳಿಸಿಕೊಳ್ಳಬೇಕು? ಯಾಕೆಂದರೆ ಅದೊಂದು ಮಾತ್ರ ನಿಜವಾಗಿ ಕೆಲಸ ಮಾಡುತ್ತದೆ. ಸೈರನ್ ಕೂಗಿದರೆ ಇವತ್ತು ಯಾರೂ ಕಿಟಕಿಯಿಂದ ಇಣುಕಿಯೂ ನೋಡುವುದಿಲ್ಲ. ಇಮ್ಮೊಬಿಲೈಸರ್ ಸದ್ದಿಲ್ಲದೆ ಗಾಡಿಯನ್ನು ಕದಲದ ಹಾಗೆ ಮಾಡುತ್ತದೆ. ಯುರೋಪಿನ ಒಕ್ಕೂಟದಲ್ಲಿ 1998ರ ಅಕ್ಟೋಬರ್‌ನಿಂದ ಹೊಸ ಕಾರುಗಳಿಗೆ ಇದು ಕಡ್ಡಾಯ, ಆಸ್ಟ್ರೇಲಿಯಾದಲ್ಲಿ 2001ರಿಂದ. ಅಮೆರಿಕದಲ್ಲಿ ಕಡ್ಡಾಯ ಇರಲಿಲ್ಲ. ಅಲ್ಲಿ ಮಾರಿದ ಹ್ಯುಂಡೈ, ಕಿಯಾ ಕಾರುಗಳಲ್ಲಿ ಇಮ್ಮೊಬಿಲೈಸರ್ ಇಲ್ಲದ ಮಾಡೆಲ್‌ಗಳು ತುಂಬಾ ಇದ್ದವು. 2022ರ ಹೊತ್ತಿಗೆ ಅವನ್ನು ಕದಿಯುವ ವಿಡಿಯೋಗಳು ಹರಡಿ, ಹದಿಹರೆಯದ ಹುಡುಗರೂ ಕದಿಯತೊಡಗಿದರು. ಕೊನೆಗೆ 2023ರ ಫೆಬ್ರವರಿಯಲ್ಲಿ ಸುಮಾರು 83 ಲಕ್ಷ ಕಾರುಗಳಿಗೆ ಉಚಿತ ಸಾಫ್ಟ್‌ವೇರ್ ಕೊಡುವುದಾಗಿ ಪ್ರಕಟಿಸಬೇಕಾಯಿತು. ಅದೇ ಕಂಪನಿಗಳ ಚಿಪ್ ಕೀ ಇದ್ದ ಕಾರುಗಳಿಗೆ ಈ ಕಾಟ ಇರಲಿಲ್ಲ. ಇಸಿಎಂನಿಂದ ಅದನ್ನು ಅಳಿಸಿದರೆ, ಅಥವಾ ಕೆಲವರು ಮಾಡುವ ಹಾಗೆ ಚಿಪ್ಪನ್ನು ಕಾಯಿಲ್ ಪಕ್ಕದಲ್ಲೇ ಅಂಟಿಸಿಬಿಟ್ಟರೆ, ಬರೀ ಲೋಹದ ನಕಲಿ ಕೀಗೂ ನಿಮ್ಮ ಗಾಡಿ ಸ್ಟಾರ್ಟ್ ಆಗುತ್ತದೆ. ಎರಡಕ್ಕೂ ಒಪ್ಪಬೇಡಿ.

ನೀವು ಮೂರನೇ ಓನರ್ ಅಂದಿರಿ. ಮೊದಲಿನ ಇಬ್ಬರ ಹತ್ತಿರ ಅಥವಾ ಅವರ ಡ್ರೈವರ್ ಹತ್ತಿರ ಇನ್ನೊಂದು ಕೀ ಉಳಿದಿದ್ದರೆ? ಆರ್‌ಸಿ, ಗುರುತಿನ ಚೀಟಿ, ಇರುವ ಕೀಗಳೆಲ್ಲಾ ತೆಗೆದುಕೊಂಡು ಸರ್ವಿಸ್ ಸೆಂಟರ್‌ಗೆ ಹೋಗಿ, ಸಿಸ್ಟಮ್‌ನಲ್ಲಿ ಎಷ್ಟು ಕೀ ದಾಖಲಾಗಿವೆ ಅಂತ ಸ್ಕ್ಯಾನರ್ ಹಾಕಿಸಿ ಕೇಳಿ, ಹಳೆಯವನ್ನು ಅಳಿಸಿ ನಿಮ್ಮವನ್ನು ಮಾತ್ರ ಮತ್ತೆ ಸೇರಿಸಲು ಹೇಳಿ. ಒಂದೇ ಕೀ ಇದ್ದರೆ ಈಗಲೇ ಎರಡನೆಯದು ಮಾಡಿಸಿ. ಒಂದು ಕೀ ಕೈಯಲ್ಲಿರುವಾಗ ಇನ್ನೊಂದು ಮಾಡಿಸುವುದು ಸಲೀಸು, ಎಲ್ಲಾ ಕಳೆದ ಮೇಲೆ ಖರ್ಚು, ಓಡಾಟ ಎರಡೂ ಜಾಸ್ತಿ.

ಇನ್ಶೂರೆನ್ಸ್ ಪತ್ರವನ್ನೂ ಒಮ್ಮೆ ತೆಗೆದು ನೋಡಿ. ಹಳೆ ಗಾಡಿ ಅಂತ ಬರೀ ಥರ್ಡ್ ಪಾರ್ಟಿ ಕಟ್ಟಿದ್ದರೆ ಕಳವಾದರೆ ಒಂದು ರೂಪಾಯಿಯೂ ಬರುವುದಿಲ್ಲ. ಪೂರ್ತಿ ಪಾಲಿಸಿ ಇದ್ದರೆ ಕ್ಲೈಮ್ ವೇಳೆ ಕಂಪನಿಯವರು ಎಲ್ಲಾ ಕೀ ಕೇಳುತ್ತಾರೆ. ಅಲಾರಂ ತೆಗೆದರೆ ಪ್ರೀಮಿಯಂ ರಿಯಾಯಿತಿ ಹೋಗುತ್ತಾ ಅನ್ನುವ ಚಿಂತೆ ಬೇಡ. ಆ ರಿಯಾಯಿತಿ ವಾಹನಗಳನ್ನು ಪರೀಕ್ಷಿಸುವ ಸಂಸ್ಥೆಯಾದ ಎಆರ್‌ಎಐ ಒಪ್ಪಿದ ಸಾಧನಕ್ಕೆ, ಅದೂ ಸರ್ಟಿಫಿಕೇಟ್ ಇದ್ದರೆ ಮಾತ್ರ. ಇದ್ದರೂ ಹಳೆ ಟಾರಿಫ್ ಪ್ರಕಾರ ಓನ್ ಡ್ಯಾಮೇಜ್ (ನಿಮ್ಮದೇ ಗಾಡಿಯ ನಷ್ಟಕ್ಕೆ ಕಟ್ಟುವ) ಭಾಗದ 2.5 ಶೇಕಡ, ಹೆಚ್ಚೆಂದರೆ 500 ರೂಪಾಯಿ. ಸೈರನ್ ಬದಲಿಗೆ ಒಂದು ಗಟ್ಟಿ ಸ್ಟೇರಿಂಗ್ ಲಾಕ್ ತಗೊಳ್ಳಿ. ವೈರ್ ಇಲ್ಲ, ಬ್ಯಾಟರಿ ತಿನ್ನುವುದಿಲ್ಲ, ಹೊರಗಿನಿಂದಲೇ ಕಾಣುತ್ತದೆ.

ಎಲ್ಲಾ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿಸಿ. ಗಾಡಿ ಆಫ್ ಮಾಡಿ, ಬಾಗಿಲು ಹಾಕಿ, ಬ್ಯಾಟರಿ ನೆಗೆಟಿವ್ ಬಿಚ್ಚಿ, ಆ ವೈರ್ ಮತ್ತು ಟರ್ಮಿನಲ್ ನಡುವೆ ಮಲ್ಟಿಮೀಟರ್ ಅನ್ನು 10 ಆಂಪಿಯರ್ ರೇಂಜ್‌ನಲ್ಲಿ ಸೇರಿಸಿ ಅರ್ಧ ಗಂಟೆ ಬಿಡಲಿ. 50 ಮಿಲಿ ಆಂಪಿಯರ್ ಒಳಗೆ ಇದ್ದರೆ ಸರಿ. ಮೀಟರ್ ಹಾಕಿರುವಾಗ ಸೆಲ್ಫ್ ಹೊಡೆಯಬಾರದು, ಮೀಟರ್ ಸುಡುತ್ತದೆ. 300 ತೋರಿಸಿದರೆ ಇನ್ನೂ ಏನೋ ಕರೆಂಟ್ ಎಳೆಯುತ್ತಿದೆ ಅಂತ ಅರ್ಥ. ಅಷ್ಟು ಎಳೆದರೆ 35 ಎಎಚ್ ಬ್ಯಾಟರಿ ಐದು ದಿನದೊಳಗೆ ಪೂರ್ತಿ ಖಾಲಿ, ಎರಡು ಮೂರು ದಿನಕ್ಕೇ ಗಾಡಿ ಸ್ಟಾರ್ಟ್ ಆಗುವುದು ಕಷ್ಟ. ಆಗ ಒಂದೊಂದೇ ಫ್ಯೂಸ್ ಕೀಳುತ್ತಾ ಹೋಗಿ, ಯಾವುದಕ್ಕೆ ಓದು ಇಳಿಯುತ್ತದೋ ಆ ಲೈನ್ ಹಿಡಿಯಲಿ. ಅಲ್ಲಿ ಸಾಮಾನ್ಯವಾಗಿ ಸಿಗುವುದು ಮರೆತು ಬಿಟ್ಟ ಅಲಾರಂ ವೈರ್, ಅಥವಾ ಸ್ಟೀರಿಯೋಗೆ ಕೊಟ್ಟ ತಪ್ಪು ಕನೆಕ್ಷನ್. ಯಾವ ಫ್ಯೂಸ್, ಎಷ್ಟು ಓದು ಅಂತ ಬರೆದು ಕಳಿಸಿ, ಮುಂದಿನದು ಅಲ್ಲಿಂದ ನೋಡೋಣ.